ಹೊಸ ಜಾಲತಾಣಕ್ಕೆ ಸೇರುವ ಮುನ್ನ: ಇಪ್ಪತ್ತೊಂದು ದಿನಗಳ ಪರೀಕ್ಷೆ ಮಾಡುವ ಬಗೆ

ಹೊಸ ಜೋಳದ ಹಿಟ್ಟು ಬೀಸಿಕೊಂಡು ಬಂದ ದಿನ ನಮ್ಮ ಸಂಘದಲ್ಲಿ ಯಾರೂ ಪರಾತದ ತುಂಬ ನಾದಲು ಕೂರುವುದಿಲ್ಲ. ಒಂದು ಹಿಡಿ ಹಿಟ್ಟಿಗೆ ಬಿಸಿನೀರು ಬೆರೆಸಿ, ಒಂದೇ ರೊಟ್ಟಿ ಬಡಿದು, ಹಂಚಿಗೆ ಹಾಕಿ ನೋಡುತ್ತೇವೆ. ಬಡಿಯುವಾಗ ಅಂಚು ಸೀಳಿದರೆ ಹಿಟ್ಟಿನಲ್ಲಿ ಜಿಗಿ ಇಲ್ಲ. ಜೋಳ ಹಳೆಯದು, ಇಲ್ಲವೇ ಹಿಟ್ಟು ಬಹಳ ದಿನ ಇಟ್ಟದ್ದು. ಆ ಒಂದು ರೊಟ್ಟಿ ನೋಡಿದ ಮೇಲೆ ಉಳಿದ ಹಿಟ್ಟಿನ ಮಾತು.

ಕಲಬುರಗಿಯ ನಮ್ಮ ಸ್ವಸಹಾಯ ಸಂಘದಲ್ಲಿ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇವೆ. ಸಂಘದ ಮೊಬೈಲ್ ನನ್ನ ಕೈಯಲ್ಲಿರುವುದರಿಂದ, ಹೊಸ ಆಪ್ ಬಂದಾಗಲೆಲ್ಲ "ಅಕ್ಕಾ, ಇದರಲ್ಲೂ ನಾವು ಇರಬೇಕಲ್ಲವೇ?" ಎಂಬ ಪ್ರಶ್ನೆ ಮೊದಲು ನನಗೇ ಬರುತ್ತದೆ. ಹಿಟ್ಟಿಗೆ ತೋರಿಸುವ ಎಚ್ಚರವನ್ನು ಆಪ್‌ಗಳಿಗೂ ತೋರಿಸಬೇಕೆಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು. ಆ ವರ್ಷಗಳಲ್ಲಿ ಕಟ್ಟಿಕೊಂಡ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ವ್ಯಾಪಾರ ಇರುವವರಿಗೆ ಮಾತ್ರವಲ್ಲ. ವಚನ ಹಂಚಿಕೊಳ್ಳುವವರಿಗೆ, ಬೀದರಿನ ಕೋಟೆಯ ಚಿತ್ರ ತೆಗೆಯುವವರಿಗೆ, ತೊಗರಿ ದರ ಕೇಳಿಕೊಳ್ಳುವವರಿಗೆ, ಸುಮ್ಮನೆ ಗೆಳತಿಯರೊಡನೆ ಮಾತನಾಡಬೇಕೆನ್ನುವವರಿಗೆ, ಎಲ್ಲರಿಗೂ ಇದು ಹೊಂದುತ್ತದೆ.

ಮೊದಲು ಒಂದು ವಾಕ್ಯ ಬರೆಯಿರಿ

ಆಪ್ ಇಳಿಸಿಕೊಳ್ಳುವ ಮೊದಲು ನೋಟ್‌ಬುಕ್ ತೆಗೆದು ಒಂದೇ ವಾಕ್ಯ ಬರೆಯಿರಿ: ನಾನು ಇದಕ್ಕೆ ಏಕೆ ಹೋಗುತ್ತಿದ್ದೇನೆ? "ಎಲ್ಲರೂ ಇದ್ದಾರೆ" ಎಂಬುದು ಉತ್ತರವಲ್ಲ. "ಪುಣೆ ಮತ್ತು ಬೆಂಗಳೂರಿನಲ್ಲಿರುವ ನಮ್ಮ ಕಡೆಯವರಿಗೆ ರೊಟ್ಟಿ ಸಿಗುವ ವಿಷಯ ತಿಳಿಸಬೇಕು" ಎಂಬುದು ಉತ್ತರ. "ಕನ್ನಡದಲ್ಲಿ ಹಕ್ಕಿಗಳ ಬಗ್ಗೆ ಮಾತನಾಡುವ ಹತ್ತು ಜನ ಬೇಕು" ಎಂಬುದೂ ಉತ್ತರವೇ. ವಾಕ್ಯದ ಕೆಳಗೆ ಎರಡು ದಿನಾಂಕ ಹಾಕಿ: ಆರಂಭದ ದಿನ, ಮತ್ತು ಅಲ್ಲಿಂದ ಇಪ್ಪತ್ತೊಂದನೆಯ ದಿನ. ಎರಡನೆಯ ದಿನಾಂಕದಂದು ಇರುವುದೋ ಬಿಡುವುದೋ ತೀರ್ಮಾನಿಸುತ್ತೀರಿ. ಇಪ್ಪತ್ತೊಂದು ಎಂಬ ಸಂಖ್ಯೆಯಲ್ಲಿ ಯಾವ ಶಾಸ್ತ್ರವೂ ಇಲ್ಲ. ಒಂದು ವಾರದಲ್ಲಿ ಯಾವ ಊರೂ ಪರಿಚಯವಾಗುವುದಿಲ್ಲ, ಮೂರು ತಿಂಗಳು ಬಿಟ್ಟರೆ ಅಭ್ಯಾಸವೇ ತೀರ್ಮಾನ ಮಾಡಿಬಿಡುತ್ತದೆ ಎಂಬ ಕಾರಣಕ್ಕೆ ಮೂರು ವಾರ.

ದಿನಾಂಕದ ಬಗ್ಗೆ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಜಾಲತಾಣಗಳು ಶಾಶ್ವತವಲ್ಲ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿದಾಗ ನಮ್ಮ ಹಳ್ಳಿಗಳಲ್ಲಿ ಹಾಡಿ, ಕುಣಿದು, ನಟಿಸಿ ಹೆಸರು ಮಾಡಿದ್ದ ಎಷ್ಟೋ ಹುಡುಗ ಹುಡುಗಿಯರ ವೇದಿಕೆ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಬೆಂಗಳೂರಿನಲ್ಲಿ ಹುಟ್ಟಿ, ಎಲ್ಲ ಭಾಷೆಗಿಂತ ಮೊದಲು ಕನ್ನಡದಲ್ಲಿ ಬಂದಿದ್ದ "ಕೂ" ಎಂಬ ತಾಣ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಹೀಗಾಗಿ ಹೊಸ ತಾಣಕ್ಕೆ ಹೋಗುವುದೆಂದರೆ ಜಾತ್ರೆಯಲ್ಲಿ ಅಂಗಡಿ ಹಾಕಿದಂತೆ. ಎಷ್ಟೇ ಚೆನ್ನಾಗಿ ನಡೆದರೂ ಗಂಟು ಕಟ್ಟುವ ಹಗ್ಗ ಕೈಗೆ ಸಿಗುವಲ್ಲಿ ಇರಬೇಕು.

ಯಾರ ಜಾಗ, ಎಂಥ ಜಾಗ

ಹೊಸ ತಾಣಗಳೆಲ್ಲ ಒಂದೇ ಬಗೆಯವಲ್ಲ. ಒಂದು ಬಗೆಯಲ್ಲಿ ಇಡೀ ಜಾಗ ಒಂದೇ ಕಂಪನಿಯದು. ಥ್ರೆಡ್ಸ್, ಶೇರ್‌ಚಾಟ್, ಮೋಜ್ ಇಂಥವು. ಇನ್ನೊಂದು ಬಗೆಯಲ್ಲಿ ಜಾಗಗಳು (ಸರ್ವರ್ ಎನ್ನುತ್ತಾರೆ) ಹಲವು, ಅವು ಒಂದಕ್ಕೊಂದು ಮಾತನಾಡುತ್ತವೆ. 2016ರಲ್ಲಿ ಆರಂಭವಾದ ಮ್ಯಾಸ್ಟೊಡಾನ್ ಈ ಎರಡನೆಯ ಬಗೆಯದು. ನಿಮ್ಮ ಸಿಮ್ ಒಂದು ಕಂಪನಿಯದು, ತವರಿನ ಸಿಮ್ ಇನ್ನೊಂದು ಕಂಪನಿಯದು. ಆದರೂ ಕರೆ ಹೋಗುತ್ತದೆಯಲ್ಲವೇ? ಹಾಗೆಯೇ ಒಂದು ಮ್ಯಾಸ್ಟೊಡಾನ್ ಸರ್ವರ್‌ನಲ್ಲಿ ಖಾತೆ ಇರುವವರು ಇನ್ನೊಂದು ಸರ್ವರ್‌ನವರನ್ನು ಅನುಸರಿಸಬಹುದು. ಸರ್ವರ್ ಬದಲಿಸಿದರೆ ನಿಮ್ಮನ್ನು ಅನುಸರಿಸುವವರು ಜೊತೆಗೆ ಬರುತ್ತಾರೆ. ಹಳೆಯ ಬರಹಗಳು ಮಾತ್ರ ಅಲ್ಲೇ ಉಳಿಯುತ್ತವೆ. 2024ರ ಫೆಬ್ರುವರಿಯಲ್ಲಿ ಆಹ್ವಾನವಿಲ್ಲದೆಯೂ ಸೇರಬಹುದಾದ ಬ್ಲೂಸ್ಕೈ ಕೂಡ ಖಾತೆಯನ್ನು ಬೇರೆಡೆಗೆ ಒಯ್ಯುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದು.

ಇದರಿಂದ ಎರಡನೆಯ ಬಗೆಯೇ ಉತ್ತಮವೆಂದು ನಾನು ಹೇಳುವುದಿಲ್ಲ. ನಮ್ಮ ಗಿರಾಕಿಗಳು ಅಲ್ಲಿ ಬಹಳ ಕಡಿಮೆ. ಆದರೆ ಸೇರುವ ಮುನ್ನವೇ ಹೊರಗೆ ಬರುವ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳಬೇಕು. 2023ರ ಜುಲೈಯಲ್ಲಿ ಥ್ರೆಡ್ಸ್ ಬಂದಾಗ ಇನ್‌ಸ್ಟಾಗ್ರಾಂ ಖಾತೆಯಿಂದಲೇ ಒಳಗೆ ಹೋಗಬೇಕಿತ್ತು. ಥ್ರೆಡ್ಸ್ ಖಾತೆಯೊಂದನ್ನೇ ಅಳಿಸುವ ಅವಕಾಶ ಆರಂಭದಲ್ಲಿ ಇರಲಿಲ್ಲ. ಅಳಿಸಬೇಕೆಂದರೆ ಇನ್‌ಸ್ಟಾಗ್ರಾಂ ಖಾತೆಯನ್ನೂ ಕಳೆದುಕೊಳ್ಳಬೇಕಿತ್ತು. ಬೇರೆಯಾಗಿ ಅಳಿಸುವ ದಾರಿ ತೆರೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಹೊಸ ಆಪ್‌ನ ಸಹಾಯ ಪುಟದಲ್ಲಿ "ಖಾತೆ ಅಳಿಸುವುದು", "ನನ್ನ ಮಾಹಿತಿ ಇಳಿಸಿಕೊಳ್ಳುವುದು" ಎಂಬ ಎರಡು ವಿಷಯಗಳನ್ನು ಮೊದಲು ಹುಡುಕಿ. ಎರಡೂ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇಳಿಸಿಕೊಳ್ಳುವಾಗ

ಪ್ಲೇ ಸ್ಟೋರ್ ಅಥವಾ ಆಪಲ್‌ನ ಆಪ್ ಸ್ಟೋರ್‌ನಿಂದ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಸ್ಟೋರ್ ಬಿಟ್ಟು ನೇರವಾಗಿ ಆಪ್ ಹಾಕುವ ಫೈಲ್) ಒತ್ತಬೇಡಿ. ಮದುವೆ ಕಾರ್ಡ್, ಬ್ಯಾಂಕಿನ ಸೂಚನೆ, ರೈತರ ಯೋಜನೆಯ ಹಣ ಎಂದು ಹೆಸರಿಟ್ಟು ಇಂಥ ಫೈಲ್ ಕಳಿಸುವ ವಂಚನೆ ನಮ್ಮ ಜಿಲ್ಲೆಗಳಲ್ಲಿ ಎಲ್ಲರೂ ಕೇಳಿರುವಂಥದ್ದೇ. ಅದು ಒಳಗೆ ಕೂತು ಮೆಸೇಜ್ ಓದುತ್ತದೆ, ಓಟಿಪಿ ಕದಿಯುತ್ತದೆ. ಕಳಿಸಿದವರು ನಿಮ್ಮ ಸ್ವಂತ ಮಾವನೇ ಆಗಿದ್ದರೂ ಒತ್ತಬೇಡಿ. ಅವರ ಫೋನ್ ಅದಾಗಲೇ ಬೇರೆಯವರ ಕೈಗೆ ಹೋಗಿರಬಹುದು. ಮೊದಲು ಅವರಿಗೆ ಕರೆ ಮಾಡಿ ಕೇಳಿ.

ಒಂದು ಆಪ್ ಹೆಸರು ಮಾಡಿದ ಕೂಡಲೇ ಅದೇ ಬಣ್ಣ, ಅದೇ ಚಿಹ್ನೆಯ ನಕಲಿಗಳು ಹುಟ್ಟುತ್ತವೆ. ಆಪ್ ಹೆಸರಿನ ಕೆಳಗಿರುವ ತಯಾರಕರ ಹೆಸರನ್ನು ಆ ಕಂಪನಿಯ ಸ್ವಂತ ಜಾಲಪುಟದಲ್ಲಿರುವ ಹೆಸರಿನೊಡನೆ ಹೋಲಿಸಿ. ಕೊನೆಯ ಬಾರಿ ಆಪ್ ಪರಿಷ್ಕರಿಸಿದ ದಿನಾಂಕ ನೋಡಿ. ಐದು ನಕ್ಷತ್ರದ ವಿಮರ್ಶೆಗಳನ್ನು ಬಿಟ್ಟು ಎರಡು, ಮೂರು ನಕ್ಷತ್ರದವನ್ನು ಓದಿ. ನಿಜವಾಗಿ ಬಳಸಿ ಬೇಸತ್ತವರು ಅಲ್ಲಿರುತ್ತಾರೆ. ಪ್ಲೇ ಸ್ಟೋರ್‌ನಲ್ಲಿ 2022ರಿಂದ ದತ್ತಾಂಶ ಸುರಕ್ಷತೆಯ ವಿಭಾಗವೊಂದಿದೆ. ಯಾವ ಮಾಹಿತಿ ಪಡೆಯುತ್ತಾರೆ, ಯಾರೊಡನೆ ಹಂಚಿಕೊಳ್ಳುತ್ತಾರೆ ಎಂಬುದು ಅಲ್ಲಿರುತ್ತದೆ. ಅದು ತಯಾರಕರೇ ಕೊಟ್ಟ ಹೇಳಿಕೆ ಎಂಬುದು ನೆನಪಿರಲಿ. ಆದರೂ ಅಲ್ಲಿ ಬರೆದಿರುವುದೇ ನಿಮಗೆ ಹೆಚ್ಚೆನಿಸಿದರೆ ಮುಂದೆ ಹೋಗುವ ಅಗತ್ಯವಿಲ್ಲ.

ಸಂಪರ್ಕ ಪಟ್ಟಿ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುತ್ತೀರಿ ಎಂದಾದರೆ ಇದನ್ನು ಓದಿ.

ಖಾತೆ ತೆರೆಯುತ್ತಿದ್ದಂತೆ ಆಪ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ನಿಮ್ಮ ಗೆಳೆಯರನ್ನು ಹುಡುಕಲು ಸಂಪರ್ಕ ಪಟ್ಟಿಗೆ ಅನುಮತಿ ಕೊಡುವಿರಾ?" ಎಂಬುದು. ಕೆಲವು ವರ್ಷಗಳ ಹಿಂದೆ ಒಂದು ಆಪ್ ಹೀಗೆ ಕೇಳಿದಾಗ ನಾನು ಯೋಚಿಸದೆ ಅನುಮತಿ ಕೊಟ್ಟೆ. ಆ ರಾತ್ರಿ ನಮ್ಮ ಗಿರಾಕಿಗಳಿಗೆಲ್ಲ ನನ್ನ ಹೆಸರಿನಲ್ಲಿ ಆಹ್ವಾನ ಹೋಯಿತು. ಮರುದಿನ ಬೆಳಿಗ್ಗೆ ಆಳಂದದ ಹಿರಿಯರೊಬ್ಬರು ಕರೆ ಮಾಡಿ, "ತಾಯಿ, ಇದೇನೋ ಬಂದಿದೆ, ಒತ್ತಬೇಕೇ? ಹಣ ಕಟ್ಟಬೇಕೇ?" ಎಂದು ಕೇಳಿದರು. ಅವರು ನನಗೆ ನಂಬರ್ ಕೊಟ್ಟದ್ದು ರೊಟ್ಟಿಯ ಕಟ್ಟು ಬಸ್ಸಿಗೆ ಹಾಕಿದಾಗ ತಿಳಿಸಲಿ ಎಂದು. ಅದನ್ನು ನಾನು ಗುರುತು ಪರಿಚಯವಿಲ್ಲದ ಕಂಪನಿಯೊಂದಕ್ಕೆ ಕೊಟ್ಟುಬಿಟ್ಟಿದ್ದೆ. ನನ್ನ ಸ್ವಂತ ಮಾಹಿತಿಯಾದರೆ ನನ್ನಿಷ್ಟ. ಸಂಪರ್ಕ ಪಟ್ಟಿಯಲ್ಲಿರುವುದು ಬೇರೆಯವರು ನಂಬಿ ಕೊಟ್ಟದ್ದು. ಅಂದಿನಿಂದ ಪರೀಕ್ಷೆಯ ಮೂರು ವಾರಗಳಲ್ಲಿ ಸಂಪರ್ಕ ಪಟ್ಟಿಗೆ ಅನುಮತಿ ಕೊಡುವುದೇ ಇಲ್ಲ. ಅದಿಲ್ಲದೆ ಒಳಗೇ ಬಿಡದ ಆಪ್ ಆದರೆ ನಮಗೆ ಬೇಡ.

ಉಳಿದ ಅನುಮತಿಗಳನ್ನೂ ಹೀಗೆಯೇ ಬಿಗಿಹಿಡಿದು ಕೊಡಿ. ಮೈಕ್ ಮತ್ತು ಕ್ಯಾಮೆರಾಗೆ "ಈ ಬಾರಿ ಮಾತ್ರ". ಸ್ಥಳದ ಮಾಹಿತಿ ಬೇಡ. ಆಂಡ್ರಾಯ್ಡ್ 14 ಅಥವಾ ಅದರ ನಂತರದ ಫೋನ್ ಆಗಿದ್ದರೆ ಚಿತ್ರಗಳ ಇಡೀ ಸಂಗ್ರಹವನ್ನು ಕೊಡದೆ, ಆರಿಸಿದ ಚಿತ್ರಗಳನ್ನು ಮಾತ್ರ ಕೊಡಬಹುದು. ಅಧಿಸೂಚನೆಗೆ ಆಂಡ್ರಾಯ್ಡ್ 13ರಿಂದ ಆಪ್ ನಿಮ್ಮ ಒಪ್ಪಿಗೆ ಕೇಳಲೇಬೇಕು. ಮೊದಲ ವಾರ ಬೇಡ ಎನ್ನಿ. ಆಪ್ ನಿಮ್ಮನ್ನು ಕರೆಯುವುದು ಬೇಡ, ನೀವೇ ಬೇಕೆಂದಾಗ ಹೋಗಿ.

ಹೆಣ್ಣುಮಕ್ಕಳು ನಡೆಸುವ ಖಾತೆಗಳ ವಿಷಯದಲ್ಲಿ ಇನ್ನೂ ಕೆಲವು ಮಾತು. ಫೋನಿನ ಕ್ಯಾಮೆರಾದಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ ಚಿತ್ರದೊಳಗೇ ಅದನ್ನು ತೆಗೆದ ಜಾಗ ದಾಖಲಾಗಿರುತ್ತದೆ. ಹಲವು ತಾಣಗಳು ಅದನ್ನು ತೆಗೆದುಹಾಕುತ್ತವೆ, ಎಲ್ಲವೂ ತೆಗೆಯುತ್ತವೆ ಎಂದು ನಂಬಿ ಕೂರಲಾಗದು. ನಮ್ಮ ರೊಟ್ಟಿ ಬಡಿಯುವುದು ಸದಸ್ಯೆಯರ ಮನೆಗಳಲ್ಲಿ. ಹಾಗಾಗಿ ಸಂಘದ ಫೋನಿನಲ್ಲಿ ಆ ಗುರುತನ್ನು ಬಂದ್ ಮಾಡಿಯೇ ಇಟ್ಟಿದ್ದೇನೆ. ಬಾಗಿಲ ಮೇಲಿನ ಮನೆ ನಂಬರ್, ಮಕ್ಕಳ ಸಮವಸ್ತ್ರ, ಸ್ಕೂಟರಿನ ನಂಬರ್ ಪ್ಲೇಟ್ ಚಿತ್ರದಲ್ಲಿ ಬರದಂತೆ ನೋಡಿಕೊಳ್ಳುತ್ತೇನೆ. ಅಪರಿಚಿತರ ಖಾಸಗಿ ಸಂದೇಶದ ಬಾಗಿಲನ್ನು ಮೊದಲ ದಿನವೇ ಮುಚ್ಚಿ. ನಿಮ್ಮ ಮೊಬೈಲ್ ನಂಬರ್ ಹುಡುಕಿ ಯಾರಾದರೂ ನಿಮ್ಮ ಖಾತೆ ಕಾಣಬಹುದೇ ಎಂಬ ಆಯ್ಕೆಯನ್ನೂ ಅಲ್ಲೇ ಬಂದ್ ಮಾಡಿ. ಆಮೇಲೆ ತೆರೆಯುವುದು ಸುಲಭ, ಮುಚ್ಚುವುದು ಕಷ್ಟ.

ಖಾತೆ ತೆರೆಯುವುದು

ಹೊಸ ತಾಣಗಳ ಪರೀಕ್ಷೆಗೆಂದೇ ಪ್ರತ್ಯೇಕ ಇಮೇಲ್ ವಿಳಾಸ ಮಾಡಿಟ್ಟುಕೊಳ್ಳಿ. ಬ್ಯಾಂಕ್, ಆಧಾರ್, ಪಿಂಚಣಿಗೆ ಬಳಸುವ ಇಮೇಲ್ ಇಲ್ಲಿ ಬೇಡ. ಪಾಸ್‌ವರ್ಡ್ ಬೇರೆಲ್ಲೂ ಬಳಸದ್ದಾಗಿರಲಿ. ನಾಲ್ಕು ಸಂಬಂಧವಿಲ್ಲದ ಪದಗಳನ್ನು ಸೇರಿಸಿದರೆ ಉದ್ದವೂ ಆಗುತ್ತದೆ, ನೆನಪೂ ಉಳಿಯುತ್ತದೆ. ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಕೇತ ಕೇಳುವುದು) ಇದ್ದರೆ ಹಾಕಿ. ಆಗ ಸಿಗುವ ತುರ್ತು ಸಂಕೇತಗಳನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿಡಿ.

ಹೆಸರು ಎರಡು ಬಗೆಯದು. ತೋರುವ ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಬರೆಯಿರಿ. ಖಾತೆಯ ವಿಳಾಸದ ಹೆಸರಿಗೆ ಬಹುತೇಕ ತಾಣಗಳಲ್ಲಿ ಇಂಗ್ಲಿಷ್ ಅಕ್ಷರ ಬೇಕು. ಅದನ್ನು ಒಮ್ಮೆ ನಿಶ್ಚಯಿಸಿ ಎಲ್ಲ ಕಡೆ ಒಂದೇ ಕಾಗುಣಿತದಲ್ಲಿ ಇಡಿ. ಸಂಘವೊಂದು ಒಂದೆಡೆ ಕಲಬುರಗಿ ಎಂದೂ ಇನ್ನೊಂದೆಡೆ ಕಲ್ಬುರ್ಗಿ ಎಂದೂ ಇದ್ದರೆ ಗಿರಾಕಿಗೆ ಒಂದು ಅಸಲಿ, ಒಂದು ನಕಲಿ ಎನಿಸುತ್ತದೆ. ಮುಂದೆ ತಾಣವನ್ನು ಬಳಸದಿದ್ದರೂ ನಿಮ್ಮ ಹೆಸರನ್ನು ಬೇರೆಯವರು ಹಿಡಿಯದಂತೆ ಖಾತೆಯನ್ನು ಇಟ್ಟುಕೊಳ್ಳುವುದು ವ್ಯಾಪಾರದವರಿಗೆ ಒಳ್ಳೆಯದೇ.

ಕನ್ನಡದ ಪರೀಕ್ಷೆ

ಇದನ್ನು ನಾನು ಎರಡನೆಯ ದಿನ ಮಾಡುತ್ತೇನೆ, ಮತ್ತು ಇದರಲ್ಲಿ ಸೋತ ತಾಣಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಜಾಗ ಇಲ್ಲ.

ಒಂದು ಸಾಲು ಬರೆಯಿರಿ: "ಸ್ತ್ರೀಯರು, ಕೃಷ್ಣಾ, ತಿಂಥಣಿ ಮೌನೇಶ್ವರ, ಕರ್ನಾಟಕ ರಾಷ್ಟ್ರಕೂಟ." ಒತ್ತಕ್ಷರ, ಅರ್ಕಾವತ್ತು, ಔತ್ವ ಎಲ್ಲ ಇದರಲ್ಲಿವೆ. ಪ್ರಕಟಿಸಿ ನೋಡಿ. ಅಕ್ಷರದ ಅಡಿಯ ಒತ್ತು ಮುಂದಿನ ಸಾಲಿನಲ್ಲಿ ಮುಳುಗಿದೆಯೇ? ತಲೆಬರಹದಲ್ಲಿ ಅರ್ಧ ಕತ್ತರಿಸಿದೆಯೇ? ಈಗ ಅದೇ ಪದಗಳನ್ನು ಹುಡುಕು ಪೆಟ್ಟಿಗೆಯಲ್ಲಿ ಹಾಕಿ. ನಿಮ್ಮ ಸಾಲು ಸಿಗಬೇಕು. ಬಳಿಕ ಹ್ಯಾಷ್ ಗುರುತಿನ ಮುಂದೆ ಕನ್ನಡ ಪದ ಬರೆದು ನೋಡಿ. ಇಡೀ ಪದ ಬಣ್ಣ ಬದಲಿಸಿದರೆ ಸರಿ. ಗುಣಿತದ ಗುರುತಿನ ಬಳಿ ತುಂಡಾದರೆ, ಆ ತಾಣ ಕಟ್ಟಿದವರು ಕನ್ನಡ ಬರೆದು ನೋಡಿಲ್ಲ.

ಅಕ್ಷರಗಳ ಮಿತಿಯೂ ಮುಖ್ಯ. ಬ್ಲೂಸ್ಕೈಯಲ್ಲಿ 300, ಥ್ರೆಡ್ಸ್‌ನಲ್ಲಿ 500, ಮ್ಯಾಸ್ಟೊಡಾನ್‌ನಲ್ಲಿ ಸಾಮಾನ್ಯವಾಗಿ 500. ಆದರೆ ಎಣಿಸುವ ಬಗೆ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಕಣ್ಣಿಗೆ "ಸ್ತ್ರೀ" ಒಂದು ಅಕ್ಷರ. ಫೋನು, ಕಂಪ್ಯೂಟರು ಅಕ್ಷರ ಇಟ್ಟುಕೊಳ್ಳುವ ಯೂನಿಕೋಡ್ ಕ್ರಮದಲ್ಲಿ ಅದು ಆರು ಘಟಕ: ಸ, ಒತ್ತು ಕೂಡಿಸುವ ಗುರುತು, ತ, ಮತ್ತೆ ಅದೇ ಗುರುತು, ರ, ದೀರ್ಘ ಈ ಕಾರದ ಗುರುತು. ಘಟಕಗಳನ್ನೇ ಎಣಿಸುವ ತಾಣದಲ್ಲಿ ಇದೊಂದೇ ಆರನ್ನು ತಿನ್ನುತ್ತದೆ. ನಿಮ್ಮ ಬರಹ ಮಿತಿಯೊಳಗೆ ಹಿಡಿಯುತ್ತದೆಯೇ ಎಂದು ನಿಮ್ಮದೇ ಹಳೆಯ ಬರಹ ಅಂಟಿಸಿ ನೋಡುವುದು ಒಳ್ಳೆಯದು.

ಹಳೆಯ ಬರಹ ಎಂದಾಗ ಒಂದು ಎಚ್ಚರಿಕೆ. ಸಂಘ, ಶಾಲೆ, ಮಠಗಳ ಕರಪತ್ರಗಳನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಜೋಡಿಸಿರುತ್ತಾರೆ. ಅವು ಯೂನಿಕೋಡ್ ಅಲ್ಲದಿದ್ದರೆ ಫೋನಿನಲ್ಲಿ ಅಂಟಿಸಿದಾಗ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಅದು ಆಪ್‌ನ ತಪ್ಪಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ ಕೊಡಿ ಎಂದು ಅಂಗಡಿಯಲ್ಲಿ ಕೇಳಿ. ಅದಕ್ಕೆ ಬೇಕಾದ ಪರಿವರ್ತಕಗಳು ಇವೆ.

ಕೊನೆಯದಾಗಿ, ದೂರು ಕೊಡುವ ವ್ಯವಸ್ಥೆ ಕನ್ನಡಕ್ಕೆ ಕಿವಿಗೊಡುತ್ತದೆಯೇ ನೋಡಿ. ಕನ್ನಡದಲ್ಲಿ ಹೊಲಸು ಬೈಗುಳ ಬರೆದ ಪೋಸ್ಟ್ ಕಣ್ಣಿಗೆ ಬಿದ್ದರೆ ದೂರು ಕೊಟ್ಟು, ಉತ್ತರ ಎಷ್ಟು ದಿನಕ್ಕೆ ಬಂತು ಎಂದು ಬರೆದಿಡಿ. ಇಂಗ್ಲಿಷ್ ಬೈಗುಳ ಮಾತ್ರ ಅರ್ಥವಾಗುವ ತಾಣದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ. ಬೀದರಿನವರು ಉರ್ದು, ಮರಾಠಿಯಲ್ಲೂ ಇದೇ ಪರೀಕ್ಷೆ ಮಾಡಬೇಕು. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಒಂದೇ ಪೋಸ್ಟ್‌ನಲ್ಲಿ ಕನ್ನಡವೂ ಉರ್ದುವೂ ಇದ್ದಾಗ ಸಾಲು ಕಲಸಿಹೋಗುತ್ತದೆಯೇ ನೋಡಿಕೊಳ್ಳಿ.

ನಮ್ಮವರನ್ನು ಹುಡುಕುವುದು

ಸಂಪರ್ಕ ಪಟ್ಟಿ ಕೊಡದಿದ್ದರೆ ಪರಿಚಿತರು ಸಿಗುವುದು ಹೇಗೆ? ಊರಿನ ಹೆಸರಿನಿಂದ. ಆದರೆ ನಮ್ಮ ಕಡೆಯ ಊರುಗಳಿಗೆ ಹೆಸರು ಒಂದಲ್ಲ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್‌ನಲ್ಲಿ; ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದದ್ದು 2019ರಲ್ಲಿ. ಹೊರಗೆ ನೆಲೆಸಿದ ಎಷ್ಟೋ ಜನ ಇನ್ನೂ ಹಳೆಯ ಹೆಸರಿನಲ್ಲೇ ಬರೆಯುತ್ತಾರೆ. ಆದ್ದರಿಂದ ಕಲಬುರಗಿ, ಕಲಬುರ್ಗಿ, ಗುಲ್ಬರ್ಗಾ ಎಂದೂ, ಯಾದಗಿರಿ, ಯಾದಗಿರ್ ಎಂದೂ, ಸುರಪುರ, ಶೋರಾಪುರ ಎಂದೂ, ಬೀದರ್, ಬೀದರ ಎಂದೂ ಹುಡುಕಿ. ಪ್ರತಿಯೊಂದನ್ನೂ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಹಾಕಬೇಕು. ನಂತರ ಊರಿನ ಹೆಸರು ಬಿಟ್ಟು ಊರಿನ ವಸ್ತುಗಳನ್ನು ಹುಡುಕಿ: ಬಿದರಿ ಕಲೆ, ತೊಗರಿ, ಖಡಕ್ ರೊಟ್ಟಿ, ಎಳ್ಳ ಅಮಾವಾಸ್ಯೆ, ಬೋನಾಳ ಕೆರೆ. ಊರು ಬಿಟ್ಟು ಹೋದವರು ಊರಿನ ಹೆಸರಿಗಿಂತ ಊಟದ ಹೆಸರನ್ನು ಹೆಚ್ಚು ಬರೆಯುತ್ತಾರೆ ಎಂಬುದು ನಾನು ಕಂಡುಕೊಂಡದ್ದು.

ಮ್ಯಾಸ್ಟೊಡಾನ್‌ನಲ್ಲಿ ಒಂದು ಹ್ಯಾಷ್‌ಟ್ಯಾಗನ್ನೇ ಅನುಸರಿಸಬಹುದು. ಅಲ್ಲಿ ಸಾಮಾನ್ಯ ಹುಡುಕಾಟಕ್ಕಿಂತ ಅದೇ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಬರಹದೊಳಗಿನ ಪದಗಳ ಹುಡುಕಾಟಕ್ಕೆ ಬರೆದವರ ಒಪ್ಪಿಗೆ ಬೇಕು. ಬ್ಲೂಸ್ಕೈಯಲ್ಲಿ ಯಾರೋ ಸಿದ್ಧಪಡಿಸಿಟ್ಟ ಜನರ ಕಟ್ಟುಗಳು ಸಿಗುತ್ತವೆ, ಒಂದೇ ಬಾರಿಗೆ ಹಲವರನ್ನು ಅನುಸರಿಸಬಹುದು. ಆದರೆ ಒಂದೇ ಕಟ್ಟಿನಿಂದ ನೂರು ಜನರನ್ನು ತುಂಬಿಕೊಳ್ಳಬೇಡಿ. ಮೂವತ್ತು ಜನ ಸಾಕು. ಹೆಸರು ಓದಿ, ಹಿಂದಿನ ನಾಲ್ಕು ಬರಹ ಓದಿ, ಆಮೇಲೆ ಅನುಸರಿಸಿ.

ಮೂರು ವಾರ

ಮೊದಲ ವಾರ ಓದುವುದು, ಉತ್ತರಿಸುವುದು. ಹೊಸ ಊರಿಗೆ ಸೊಸೆಯಾಗಿ ಹೋದವಳು ಮೊದಲ ದಿನವೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬದಲಿಸುವುದಿಲ್ಲ; ಯಾವುದು ಎಲ್ಲಿದೆ ಎಂದು ನೋಡುತ್ತಾಳೆ. ಇಲ್ಲಿನವರು ಜಗಳ ಹೇಗೆ ಆಡುತ್ತಾರೆ, ತಪ್ಪಾದಾಗ ತಿದ್ದಿಕೊಳ್ಳುತ್ತಾರೆಯೇ, ಹೊಸಬರಿಗೆ ಉತ್ತರ ಸಿಗುತ್ತದೆಯೇ ನೋಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಫೋನಿನ ಡಿಜಿಟಲ್ ವೆಲ್‌ಬೀಯಿಂಗ್ ವಿಭಾಗದಲ್ಲಿ ಆ ಆಪ್‌ಗೆ ಸಮಯದ ಮಿತಿ ಹಾಕಬಹುದು.

ಎರಡನೆಯ ವಾರ ನಿಮ್ಮದನ್ನು ಹಾಕಿ. ಬೇರೆ ಕಡೆ ಹಾಕಿದ್ದನ್ನೇ ತಂದು ಸುರಿಯಬೇಡಿ. ನಾವು "ಇಂದು ರೊಟ್ಟಿ ಲಭ್ಯ" ಎಂದು ಹಾಕಿದ್ದಕ್ಕೆ ಒಂದು ಉತ್ತರವೂ ಬರಲಿಲ್ಲ. ಎಳ್ಳ ಅಮಾವಾಸ್ಯೆಯ ಮುನ್ನಾದಿನ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವ ಕೈಗಳ ಸಣ್ಣ ವಿಡಿಯೊ ಹಾಕಿ, ಚರಗ ಚೆಲ್ಲಲು ಹೊಲಕ್ಕೆ ಏನೇನು ಒಯ್ಯುತ್ತೀರಿ ಎಂದು ಕೇಳಿದೆ. ಭಜ್ಜಿ ಪಲ್ಯಕ್ಕೆ ಯಾವ ಕಾಳು ಹಾಕಬೇಕು ಎಂಬ ಮಾತು ಎರಡು ದಿನ ನಡೆಯಿತು. ಅದರಲ್ಲಿ ಮೂವರು ಈಗಲೂ ನಮ್ಮ ಗಿರಾಕಿಗಳು. ಹೊಸ ಜಾಗದಲ್ಲಿ ಕೇಳಿದ ಪ್ರಶ್ನೆಗೆ ಜನ ಬರುತ್ತಾರೆ, ಕೂಗಿದ ಜಾಹೀರಾತಿಗೆ ಬರುವುದಿಲ್ಲ.

ಇದೇ ವಾರ ಆಪ್ ಅನ್ನು ದುರ್ಬಲ ನೆಟ್‌ವರ್ಕ್‌ನಲ್ಲಿ ಪರೀಕ್ಷಿಸಿ. ಚಿಂಚೋಳಿಯ ಕಾಡಂಚಿನ ಹಳ್ಳಿಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ನಗರದ ವೈಫೈಯಲ್ಲಿ ಓಡುವ ಆಪ್ ಅಲ್ಲಿ ಬರೀ ಬಿಳಿ ಪರದೆ ತೋರಿಸಬಹುದು. ವಿಡಿಯೊ ತಾನಾಗಿ ಓಡುವುದನ್ನು ನಿಲ್ಲಿಸುವ ಆಯ್ಕೆ ಇದೆಯೇ, ಬರೆದದ್ದು ಕಳುಹಿಸುವಾಗ ನೆಟ್ ಹೋದರೆ ಕರಡು ಉಳಿಯುತ್ತದೆಯೇ ನೋಡಿ. ಒಂದು ದಿನಕ್ಕೆ ಎಷ್ಟು ಡೇಟಾ, ಎಷ್ಟು ಬ್ಯಾಟರಿ ತಿಂದಿತು ಎಂಬುದು ಫೋನಿನ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಫೋನ್ ಮೊದಲೇ ಕಾದಿರುತ್ತದೆ, ಭಾರದ ಆಪ್ ಅದನ್ನು ಇನ್ನಷ್ಟು ಕಾಯಿಸುತ್ತದೆ.

ಮೂರನೆಯ ವಾರ ಲೆಕ್ಕ. ಲೈಕ್‌ಗಳ ಲೆಕ್ಕವಲ್ಲ. ನೋಟ್‌ಬುಕ್ಕಿನ ಆ ಮೊದಲ ವಾಕ್ಯ ತೆಗೆದು, ಅದಕ್ಕೆ ತಕ್ಕದ್ದನ್ನು ಎಣಿಸಿ. ಗಿರಾಕಿ ಬೇಕಿದ್ದರೆ ಎಷ್ಟು ಜನ ವಿಚಾರಿಸಿದರು? ಮಾತು ಬೇಕಿದ್ದರೆ ನಿಮ್ಮ ಹೆಸರು ಹಿಡಿದು ಮಾತನಾಡಿಸುವವರು ಎಷ್ಟು ಜನ ಆದರು? ಮುಚ್ಚಿದ ಮೇಲೆ ಮನಸ್ಸು ಹೇಗಿರುತ್ತದೆ ಎಂಬುದನ್ನೂ ಬರೆಯಿರಿ. ಒಂದು ತಾಣದಲ್ಲಿ ನಮಗೆ ನಾಲ್ಕು ಆರ್ಡರ್ ಬಂದಿದ್ದವು, ಆದರೂ ಬಿಟ್ಟೆ. ಪ್ರತಿ ಬಾರಿ ಅದನ್ನು ನೋಡಿ ಎದ್ದಾಗ ಯಾರ ಮೇಲೋ ಸಿಟ್ಟು ಬಂದಿರುತ್ತಿತ್ತು.

ಮೋಸದವರು ನಿಮಗಿಂತ ಮೊದಲೇ ಬಂದಿರುತ್ತಾರೆ

ಹೊಸ ತಾಣದಲ್ಲಿ ಹೊಸ ಖಾತೆ ಎಂದರೆ ವಂಚಕರಿಗೆ ಗುರುತು ಸಿಕ್ಕಂತೆ. ನಾವು ಸೇರಿದ ಒಂಬತ್ತನೆಯ ದಿನ ಒಬ್ಬ ಸಂದೇಶ ಕಳಿಸಿದ. ತಾನು ಸೇನೆಯ ಅಧಿಕಾರಿ, ಕ್ಯಾಂಟೀನಿಗೆ ಸಾವಿರ ರೊಟ್ಟಿ ಬೇಕು, ಮುಂಗಡ ಕಳಿಸುತ್ತೇನೆ ಎಂದ. ದರದ ಬಗ್ಗೆ ಚೌಕಾಸಿ ಮಾಡಲಿಲ್ಲ. ನನಗೆ ಅನುಮಾನ ಬಂದದ್ದು ಅಲ್ಲೇ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬರುತ್ತದೆ" ಎಂದ. ಯುಪಿಐ ಪಿನ್ ಹಾಕುವುದು ಹಣ ಕೊಡುವಾಗ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವಾಗ. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಸ್ಕ್ಯಾನ್ ಬೇಕಾಗಿಲ್ಲ. ಈ ಒಂದು ಮಾತನ್ನು ಮನೆಯ ಹಿರಿಯರಿಗೆ, ಅಂಗಡಿಯ ಹುಡುಗರಿಗೆ ಬಾಯಿಪಾಠ ಮಾಡಿಸಿ. ವಿಡಿಯೊಗೆ ಲೈಕ್ ಒತ್ತಿದರೆ ದಿನಗೂಲಿ, ಷೇರು ಗುಂಪಿಗೆ ಸೇರಿದರೆ ದುಪ್ಪಟ್ಟು ಎನ್ನುವವರೂ ಇದೇ ಜಾತಿಯವರು. ಮೊದಲು ಸಣ್ಣ ಮೊತ್ತ ನಿಜವಾಗಿ ಕೊಟ್ಟು ನಂಬಿಸುತ್ತಾರೆ.

ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ತಡೆಯಬೇಕಾದ್ದರಿಂದ ಪ್ರತಿ ನಿಮಿಷವೂ ಮುಖ್ಯ. ನಿಮ್ಮ ಚಿತ್ರವನ್ನು ಯಾರಾದರೂ ತಿರುಚಿದ್ದರೆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಆ ಅಧಿಕಾರಿಯ ಹೆಸರು, ಸಂಪರ್ಕ ವಿವರ ತಾಣದಲ್ಲಿ ಪ್ರಕಟವಾಗಿರಲೇಬೇಕು. ಇದು ಸಿಗದ ಹೊಸ ಆಪ್ ಆದರೆ ಅಲ್ಲಿ ಮುಖದ ಚಿತ್ರ ಹಾಕಬೇಡಿ.

ಮಕ್ಕಳ ವಿಷಯ ಚಿಕ್ಕದಾಗಿ: ಹೆಚ್ಚಿನ ತಾಣಗಳ ಕನಿಷ್ಠ ವಯಸ್ಸು 13. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಹೊಸ ಆಪ್ ಬೇಕೆಂದು ಮಗಳು ಹಟ ಹಿಡಿದರೆ ಈ ಮೂರು ವಾರಗಳ ಪರೀಕ್ಷೆಯನ್ನು ಅವಳ ಪಕ್ಕ ಕೂತು ನೀವೇ ಮಾಡಿ.

ಇಪ್ಪತ್ತೊಂದನೆಯ ದಿನ

ಉಳಿಯುವುದಾದರೆ ಅನುಮತಿಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಬೇಕಾದ ಅಧಿಸೂಚನೆ ಮಾತ್ರ ತೆರೆಯಿರಿ. ಹಳೆಯ ತಾಣಗಳಲ್ಲಿ ಹೊಸ ವಿಳಾಸ ತಿಳಿಸಿ. ಆದರೆ ಹಳೆಯದನ್ನು ಬಿಟ್ಟು ಪೂರ್ತಿ ಇಲ್ಲಿಗೆ ಬರಬೇಡಿ, ಕನಿಷ್ಠ ಒಂದು ವರ್ಷವಾದರೂ.

ಬಿಡುವುದಾದರೆ ಕ್ರಮ ಹೀಗೆ. ಫೋನಿನಿಂದ ಆಪ್ ತೆಗೆದರೆ ಖಾತೆ ಹೋಗುವುದಿಲ್ಲ. ಖಾತೆ ಅಲ್ಲೇ ಇದ್ದು, ನಿಮ್ಮ ಹೆಸರಿನಲ್ಲಿ ಯಾರಾದರೂ ಒಳನುಗ್ಗಿದರೂ ನಿಮಗೆ ತಿಳಿಯುವುದಿಲ್ಲ. ಮೊದಲು ನಿಮ್ಮ ಮಾಹಿತಿಯ ಪ್ರತಿ ಇಳಿಸಿಕೊಳ್ಳಿ. ಕೇಳಿದ ಕೂಡಲೇ ಸಿಗದು; ಕೆಲವು ಕಡೆ ಒಂದೆರಡು ದಿನ ಕಾಯಬೇಕು. ಫೈಲ್ ತೆರೆದು ಚಿತ್ರಗಳು ನಿಜವಾಗಿ ಇವೆಯೇ ನೋಡಿ. ಆಮೇಲೆ ನೀವು ಹೋಗುತ್ತಿರುವುದನ್ನೂ ಮುಂದೆ ಎಲ್ಲಿ ಸಿಗುತ್ತೀರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದು ಮೂರು ದಿನ ಬಿಡಿ. ನಂತರ ಖಾತೆ ಅಳಿಸಿ. ನಿಷ್ಕ್ರಿಯಗೊಳಿಸುವುದು ಮತ್ತು ಅಳಿಸುವುದು ಬೇರೆ ಬೇರೆ. ಗುಂಡಿ ಒತ್ತುವ ಮುನ್ನ ಓದಿ. ಇನ್‌ಸ್ಟಾಗ್ರಾಂನಂಥ ಕಡೆ ಅಳಿಸಲು ಕೇಳಿದ ಮೇಲೂ 30 ದಿನ ಕಾಲಾವಕಾಶವಿದ್ದು, ಅಷ್ಟರೊಳಗೆ ಒಮ್ಮೆ ಒಳಗೆ ಹೋದರೆ ಅಳಿಸುವಿಕೆ ರದ್ದಾಗಬಹುದು. ಗೂಗಲ್ ಖಾತೆಯಿಂದ ಸೇರಿದ್ದರೆ ಗೂಗಲ್‌ನ ಸೆಟ್ಟಿಂಗ್‌ಗೆ ಹೋಗಿ ಆ ಕೊಂಡಿಯನ್ನೂ ಕತ್ತರಿಸಿ. ಮ್ಯಾಸ್ಟೊಡಾನ್‌ನಂಥ ಜಾಲದಲ್ಲಿ ನಿಮ್ಮ ಬರಹದ ಪ್ರತಿ ಬೇರೆ ಸರ್ವರ್‌ಗಳಿಗೂ ಹೋಗಿರುತ್ತದೆ. ಅಲ್ಲೆಲ್ಲ ಅಳಿಯಿತೆಂಬ ಖಾತ್ರಿ ಇಲ್ಲ. ಅಲ್ಲಿನ ಖಾಸಗಿ ಸಂದೇಶಗಳಿಗೂ ಸರ್ವರ್ ನಡೆಸುವವರು ಓದಲಾಗದಂತೆ ಮಾಡುವ ಗೂಢಲಿಪಿಯ ರಕ್ಷಣೆ ಇಲ್ಲದ ಕಾರಣ ಗುಟ್ಟಿನ ಮಾತು ಆರಂಭದಿಂದಲೇ ಬೇಡ.

ಪ್ರತಿ ಇಳಿಸಿಕೊಳ್ಳಿ ಎಂದು ಇಷ್ಟು ಬೆನ್ನುಹತ್ತಿ ಹೇಳುವುದಕ್ಕೆ ನನ್ನದೇ ಅನುಭವ ಕಾರಣ. ಬಹಳ ಹಿಂದೆ ಚಿತ್ರ ಹಂಚಿಕೊಳ್ಳುವ ಸಣ್ಣ ಆಪ್ ಒಂದರಲ್ಲಿ ನಮ್ಮ ಅವ್ವ ರೊಟ್ಟಿ ಬಡಿಯುವ ಚಿತ್ರಗಳನ್ನು ಹಾಕಿದ್ದೆ. ಫೋನ್ ತುಂಬಿದೆ ಎಂದು ಮೂಲ ಚಿತ್ರಗಳನ್ನು ಅಳಿಸಿದೆ. ಆ ಆಪ್ ಒಂದು ದಿನ ತೆರೆಯಲಿಲ್ಲ, ಮತ್ತೆಂದೂ ತೆರೆಯಲಿಲ್ಲ. ಅವ್ವ ಈಗಿಲ್ಲ. ಈಗ ಸಂಘದ ಪ್ರತಿ ಚಿತ್ರವೂ ಮೊದಲು ಪೆನ್‌ಡ್ರೈವ್‌ಗೆ ಹೋಗುತ್ತದೆ, ಆಮೇಲೆ ಯಾವ ತಾಣಕ್ಕಾದರೂ. ಪ್ರತಿ ತಿಂಗಳ ಮೊದಲ ಸೋಮವಾರ ಒಂದು ಪೆನ್‌ಡ್ರೈವ್ ಸಂಘದ ಕಪಾಟಿಗೆ, ಇನ್ನೊಂದು ನನ್ನ ತಮ್ಮನ ಮನೆಗೆ.